ಅಮ್ಮ ಹಾಕಿದ ಎಂಟು

ಲೈಸೆನ್ಸ್ ಟೆಸ್ಟ್ ಅಂದರೆ ಎಂಟು ಹಾಕುವುದು. ಮೈಸೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ನಮ್ಮ ಸೋದರಮಾವ ಕಾಲು ಕೆಳಗಿಡದೆ ಸ್ಕೂಟರಿನಲ್ಲಿ ಎಂಟು ಹಾಕಿ ಲೈಸೆನ್ಸ್ ತಂದದ್ದನ್ನು ಅಮ್ಮ ಕಣ್ಣಾರೆ ಕಂಡಿದ್ದಳು.

ಎಪ್ಪತ್ತರ ದಶಕ. ಅಪ್ಪ ಮೊದಲೇ ಡೆಟ್ರಾಯಿಟ್ ಪಕ್ಕದ ಲಿವೋನಿಯಾ ಸೇರಿದ್ದ. ನಾನೂ ಅಮ್ಮನೂ ಆಮೇಲೆ ಹೋದೆವು. ಹೋದ ವರ್ಷವೇ ಅಮ್ಮನಿಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸಿಕ್ಕಿತು ಅಂದರೆ, ಲೈಸೆನ್ಸ್ ಇದ್ದರೆ ಸಿಕ್ಕಿತು. ಆ ಕಡೆಗೆ ಬಸ್ಸಿರಲಿಲ್ಲ. ಇನ್ನೆರಡು ವಾರಕ್ಕೆ, ಸೋಮವಾರ, ತಾನೇ ಡ್ರೈವ್ ಮಾಡಿಕೊಂಡು ಹೋಗಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು.

"ರೀ, ಟೆಸ್ಟಲ್ಲಿ ನಿಮ್ಗೆ ಏನ್ ಮಾಡ್ಸಿದ್ರು?"

"ಏನಿಲ್ಲ ಕಣೇ, ಏಟ್ ಮೈಲ್. ಆಮೇಲೆ ಪಾರ್ಕಿಂಗು. ಅದ್ರಲ್ಲೇ ನಾನು ಎರಡು ಸಲ ಫೇಲ್."

"ಎಂಟು ತಾನೇ? ಬಿಡಿ!"

ಭಾನುವಾರ ಮುಚ್ಚಿದ ಅಂಗಡಿಯ ಮುಂದೆ ಅಮ್ಮನ ಪ್ರಾಕ್ಟೀಸು. ನಮ್ಮ ಮೈಸೂರಿನ ಅಡುಗೆಮನೆಗಿಂತ ಉದ್ದದ ಕಾರು. ಮುಂದಕ್ಕೊಂದು ಎಂಟು, ರಿವರ್ಸಿನಲ್ಲೊಂದು ಎಂಟು. ಅಪ್ಪ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದ.

"ಏನೇ ಅದು, ರಂಗೋಲಿ ಹಾಕ್ತಿದ್ದೀಯಾ?"

"ನೀವು ಪೇಪರ್ ಓದಿ."

ಟೆಸ್ಟಿನ ದಿನ ಅಪ್ಪ ನಮ್ಮನ್ನೂ ಕಾರನ್ನೂ ಲೈಸೆನ್ಸ್ ಆಫೀಸಿಗೆ ತಲುಪಿಸಿ, ಸ್ನೇಹಿತನೊಬ್ಬನ ಕಾರಿನಲ್ಲಿ ಕೆಲಸಕ್ಕೆ ಹೋದ. ನನ್ನನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ಹಿಂದಿನ ಸೀಟಿನಲ್ಲೇ ಕೂರಿಸಿದರು. ಪರೀಕ್ಷೆ ಮಾಡುವ ದಪ್ಪ ಮನುಷ್ಯ ಅಮ್ಮನ ಪಕ್ಕ ಕೂತು, ಏಟ್ ಮೈಲ್‌ಗೆ ಹೋಗಿ ತಿರುಗಿಸಿಕೊಂಡು ಬನ್ನಿ ಅಂದ. ಅಮ್ಮ ಆ ಆಫೀಸಿನ ಅಂಗಳದಲ್ಲೇ ಸೊಗಸಾಗಿ ಒಂದು ಎಂಟು ಹಾಕಿದಳು. ಅವನ ಪೆನ್ನು ಬಿತ್ತು.

"ಏಟ್ ಮೈಲ್, ಮ್ಯಾಮ್! ಮೈಲ್!"

ಅಮ್ಮ ನನ್ನತ್ತ ತಿರುಗಿದಳು. "ಇದನ್ನ ಮೈಲಿಗಟ್ಟಲೆ ಹಾಕ್ಬೇಕಂತಾ?"

ಏಳು ವರ್ಷದ ನನಗೇನು ಗೊತ್ತು? "ಹೂಂನಮ್ಮ" ಅಂದೆ.

ಈ ಸಲ ರಿವರ್ಸಿನಲ್ಲಿ ಹಾಕಿದಳು. ಅವನು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂಗಿದ. "ಸ್ಟಾಪ್! ಇಟ್ಸ್ ಎ ರೋಡ್!"

"ರೋಡಾ?" ಅಮ್ಮ ಮತ್ತೆ ನನ್ನನ್ನೇ ಕೇಳಿದಳು. "ರೋಡಿಗೆ ಯಾರಾದ್ರೂ ಎಂಟು ಮೈಲಿ ಅಂತ ಹೆಸರಿಡ್ತಾರೇನು?"

ಇಟ್ಟಿದ್ದರು. ಅದು ಎಂಟು ಮೈಲಿ ಉದ್ದವೂ ಅಲ್ಲ. ಡೆಟ್ರಾಯಿಟ್ ಪೇಟೆಯಿಂದ ಅಷ್ಟು ದೂರವಂತೆ, ಅದಕ್ಕೆ ಆ ಹೆಸರಂತೆ. ನನಗೆ ಈಗಲೂ ಸರಿಯಾಗಿ ತಲೆಗೆ ಹತ್ತಿಲ್ಲ.

ಕೊನೆಗೆ ಆ ರಸ್ತೆಗೆ ಹೋಗಿ ಬಂದೆವು. ಸೋಮವಾರದ ಕೆಲಸ ಹೋಯಿತು ಎಂದು ಅಮ್ಮನ ಕತ್ತು ನೋಡಿದರೇ ತಿಳಿಯುತ್ತಿತ್ತು. ಉಳಿದದ್ದು ಪಾರ್ಕಿಂಗ್ ಒಂದೇ. ನೆಟ್ಟ ಕಂಬಗಳ ನಡುವೆ ಆ ಉದ್ದನೆಯ ಕಾರನ್ನು ಹಿಂದಕ್ಕೆ ತೂರಿಸಬೇಕು. ಅಮ್ಮ ಒಂದೇ ಏಟಿಗೆ ತೂರಿಸಿದಳು. ಅವನು ಕೆಳಗಿಳಿದು ಚಕ್ರ ನೋಡಿದ, ಕಂಬ ನೋಡಿದ, ಅಮ್ಮನನ್ನು ನೋಡಿದ. ತಲೆ ಕೆರೆದುಕೊಂಡು ಪಾಸ್ ಅಂತ ಬರೆದ.

ಸಂಜೆ ಅಪ್ಪ ನಂಬಲೇ ಇಲ್ಲ. "ಪಾರ್ಕಿಂಗ್ ಒಂದೇ ಸಲಕ್ಕಾ? ಹೆಂಗೇ?"

"ಅರ್ಧ ಎಂಟು ಹಾಕ್ದೆ."

"ಯಾವ ಎಂಟು?"

ಅಮ್ಮ ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದು ತನ್ನ ಪರ್ಸಿಗೆ ಹಾಕಿಕೊಂಡಳು.