ಹೆಪ್ಪು ಸತ್ತ ಪಾತ್ರೆ

ಅಮ್ಮ ತೀರಿಕೊಂಡ ಮೇಲೆ ಸಿದ್ದಾಪುರದ ಬಾಡಿಗೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಒಂದು ಪಾತ್ರೆ ಮೊಸರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಮದುವೆ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಆ ಮೊಸರಿನ ಹೆಪ್ಪನ್ನು ಅಮ್ಮ ಮಂಚಿಕೇರಿಯ ತನ್ನ ತವರಿನಿಂದ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದಳು. ಇಂದಿನ ಮೊಸರಿನ ಒಂದು ಚಮಚ ನಾಳೆಯ ಹಾಲಿಗೆ, ಹೀಗೆ ಅದು ನಡೆದುಬಂದಿತ್ತು. ಅವಳ ಸೀರೆಗಳನ್ನು ನೆಂಟರು ಒಯ್ದರು. ನನ್ನನ್ನು ಬಿಟ್ಟರೆ, ಅವಳ ಕೈಯದು ಎನ್ನುವಂಥದ್ದರಲ್ಲಿ ಜೀವ ಇದ್ದದ್ದು ಇದಕ್ಕೊಂದಕ್ಕೇ.

ಅದನ್ನು ನಾನು ಮಗುವಿನಂತೆ ಕಾಪಾಡಿದೆ. ಬೇರೆ ಮನೆಯ ಮೊಸರು ಸೋಕಿಸಲಿಲ್ಲ, ಪಾತ್ರೆ ಬದಲಿಸಲಿಲ್ಲ. ಆದರೂ ಒಂದು ಸಲ ಮೊಸರು ತೆಳುವಾಯಿತು. ಹಾಲಿನವನನ್ನು ಬೈದು ಹಾಲು ಬದಲಿಸಿದೆ. ಮರುದಿನ ಇನ್ನೂ ತೆಳು. ಆಮೇಲೊಂದು ಸಂಜೆ ಕಾಲೇಜಿನಿಂದ ಬಂದು ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಕೂತಿತ್ತು.

ಪಕ್ಕದ ಮನೆಯ ಅಕ್ಕನ ಹತ್ತಿರ ಹೋಗಿ ಒಂದು ಚಮಚ ಹೆಪ್ಪು ಕೇಳಿದೆ.

"ದೀಪ ಹಚ್ಚಿ ಆತು ತಮಾ. ಈಗ ಹೆಪ್ಪು ಕೊಡಲಾಗ್ತಿಲ್ಲೆ. ಬೆಳಗ್ಗೆ ಬಾ" ಎಂದಳು.

ದೀಪ ಹಚ್ಚಿದ ಮೇಲೆ ಹೆಪ್ಪು ಹೊಸಿಲು ದಾಟಬಾರದು ಎನ್ನುವುದು ಅಮ್ಮನ ಕಟ್ಟಳೆಯೂ ಆಗಿತ್ತು. ಹಾಗಾಗಿ ವಾದಿಸದೆ ಬಂದೆ. ಅವಳು ಆಗಲೇ ಕೊಟ್ಟಿದ್ದರೆ ಪಾತ್ರೆ ತಿಕ್ಕಿ ತೊಳೆದು ಮುಗಿಸಿರುತ್ತಿದ್ದೆ. ಕೊಡದ ಕಾರಣ ಪಾತ್ರೆ ಹಾಗೇ ಉಳಿಯಿತು, ನಾನು ಅದರ ಎದುರು ಕುಳಿತೆ.

ಏನಾಗಿರಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ. ಬ್ಯಾಕ್ಟೀರಿಯಾಕ್ಕೂ ವೈರಸ್ ಹತ್ತುತ್ತದೆ. ಅದು ಒಳಹೊಕ್ಕು, ತನ್ನಂಥವನ್ನೇ ರಾಶಿ ಮಾಡಿ, ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತದೆ. ಒಂದೇ ಹೆಪ್ಪು, ಒಂದೇ ಪಾತ್ರೆ ಎಂದು ಹಟ ಹಿಡಿದವನ ಮನೆ ಅದಕ್ಕೆ ಹೇಳಿಮಾಡಿಸಿದ ಜಾಗ. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ವೈರಸ್ ಕಾಣುವ ಮಾತೇ ಇಲ್ಲದ್ದರಿಂದ ಇದು ಊಹೆಯಾಗಿಯೇ ಉಳಿಯಿತು.

ಬೆಳಗ್ಗೆ ಅಕ್ಕ ಬಟ್ಟಲಿನಲ್ಲಿ ಹೆಪ್ಪು ಕೊಟ್ಟಳು. ಯಾರಿಗಾದರೂ ಹೇಳದೆ ಇರಲು ಆಗಲಿಲ್ಲ. ವೈರಸ್ ಹೊರಡುವ ಗಡಿಬಿಡಿಯಲ್ಲಿ ಅಪರೂಪಕ್ಕೊಮ್ಮೆ ತನ್ನ ವಂಶವಾಹಿಯ ಬದಲು ಸತ್ತ ಬ್ಯಾಕ್ಟೀರಿಯಾದ ವಂಶವಾಹಿಯ ತುಂಡನ್ನು ತುಂಬಿಕೊಂಡು ಬಿಡುತ್ತದೆ, ಅದನ್ನು ಒಯ್ದು ಇನ್ನೊಂದು ಬ್ಯಾಕ್ಟೀರಿಯಾದೊಳಗೆ ಇಳಿಸುತ್ತದೆ, ಆ ಇನ್ನೊಂದು ಸಾಯುವುದಿಲ್ಲ, ಅದನ್ನು ತನ್ನದು ಮಾಡಿಕೊಂಡು ಬದುಕಲೂಬಹುದು ಎಂದೆ.

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಸತ್ತಿದ್ದರದ್ದು ಬದುಕಿದ್ದಕ್ಕೆ ಹೋಗ್ತು ಹೇಳಿ ಆತು. ಆದ್ರೂ ಪಾತ್ರೆ ಬಿಸಿನೀರಲ್ಲಿ ಚೊಲೋ ತೊಳ್ಕ."

ಅವಳು ಹೇಳಿದ್ದೇ ಸರಿ. ವಿದ್ಯಾರ್ಥಿಗಳಿಗೂ ನಾನು ಅದನ್ನೇ ಹೇಳುತ್ತಿದ್ದೆ. ನೀರು ಕುದಿಯಲಿಟ್ಟೆ. ಅದು ಕುದಿದು ಕುದಿದು ಅರ್ಧವಾಯಿತು, ಕೈ ಪಾತ್ರೆಯ ಹತ್ತಿರ ಹೋಗಲಿಲ್ಲ. ಬಹಳ ಬೇಜಾರಾಗಿತ್ತು, ಅದನ್ನು ಬೇರೆ ಮಾತಿನಲ್ಲಿ ಹೇಳುವುದು ಬೇಡ. ಒಲೆ ಆರಿಸಿದೆ. ಹಳೆಯ ಹಾಲು ಚೆಲ್ಲಿ, ತೊಳೆಯದ ಆ ಪಾತ್ರೆಗೇ ಉಗುರುಬೆಚ್ಚಗಿನ ಹಾಲು ಹೊಯ್ದು, ಅಕ್ಕನ ಹೆಪ್ಪು ಬೆರೆಸಿ ಮುಚ್ಚಿಟ್ಟೆ. ಪಾತ್ರೆಯಲ್ಲಿ ಉಳಿದ ವೈರಸ್‌ನಿಂದ ಅಕ್ಕನ ಹೆಪ್ಪೂ ಹಾಳಾಗಬಹುದಿತ್ತು, ಗೊತ್ತಿತ್ತು.

ತಡವಾಗಿ, ಆದರೆ ಗಟ್ಟಿಯಾಗಿಯೇ ಮೊಸರಾಯಿತು.

"ಮೊಸರು ಆತನ?" ಬೇಲಿಯಾಚೆಯಿಂದ ಅಕ್ಕ ಕೇಳಿದಳು.

"ಆತು" ಎಂದೆ.

ಅನ್ನಕ್ಕೆ ಹಾಕಿಕೊಂಡು ಉಂಡೆ. ಒಂದು ತುತ್ತಿಗೆ ಅಮ್ಮನದೇ ಅನ್ನಿಸಿತು, ಇನ್ನೊಂದಕ್ಕೆ ಅಲ್ಲ ಅನ್ನಿಸಿತು. ಹೌದೋ ಅಲ್ಲವೋ ಎಂದು ರುಚಿ ನೋಡಿ ಹೇಳಬಲ್ಲವಳು ಅಮ್ಮ ಒಬ್ಬಳೇ ಇದ್ದಳು.