ಗಿರಿಜತ್ತೆಯ ಸರದಿ

ಚಪ್ಪಲಿ ಕೊಳ್ಳುವುದು ಒಬ್ಬರಿಂದ ಆಗುವ ಕೆಲಸವಲ್ಲ ಎಂಬುದು ನಮ್ಮ ಜಗಳೂರು ಸೀಮೆಯ ಸರ್ವಸಮ್ಮತ ಸಿದ್ಧಾಂತ. ಕಾಲು ನಮ್ಮದೇ ಆದರೂ ಅಳತೆ ನೋಡಲು ಒಬ್ಬರು, ಚೌಕಾಸಿಗೆ ಒಬ್ಬರು, ಕೊಂಡು ಹೊರಬಂದ ಮೇಲೆ ‘ಆ ಅಂಗಡೀದೇ ಚೆನ್ನಾಗಿತ್ತು’ ಎಂದು ನಿಟ್ಟುಸಿರಿಡಲು ಇನ್ನೊಬ್ಬರು ಜೊತೆಗೆ ಬೇಕೇ ಬೇಕು. ಹಾಗಿರುವಾಗ ಭವಿಷ್ಯವನ್ನು ಆರಿಸಿಕೊಳ್ಳಲು ಒಬ್ಬಳೇ ಹೋಗುವುದುಂಟೇ, ನೀವೇ ಹೇಳಿ.

ನಾನು ಬಿ.ಎಸ್ಸಿ. ಮುಗಿಸುವ ಹೊತ್ತಿಗೆ, ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮುಂದಿನ ಓದು, ಉದ್ಯೋಗಗಳ ಬಗ್ಗೆ ಸಲಹೆ ಕೊಡುವ ಏರ್ಪಾಡು ಶುರುವಾಗಿತ್ತು. ನನಗದು ಪ್ರಾಣಸಂಕಟದ ಗಳಿಗೆ. ದೂರದ ಊರಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ.ಗೆ ಸೀಟು ಸಿಗುವುದಿತ್ತು. ಮನೆಯವರೋ ಹೊನ್ನಾಳಿಯ ಗಿರಿಜತ್ತೆಯ ಮನೆಯಲ್ಲಿದ್ದು ಬಿ.ಎಡ್. ಮಾಡಲೆಂದು ನಿಶ್ಚಯಿಸಿದ್ದರು. ಗಿರಿಜತ್ತೆ ನಮ್ಮಪ್ಪನ ಅಕ್ಕ. ಚನ್ನಗಿರಿಯಿಂದ ಜಗಳೂರಿನವರೆಗೆ ನಮ್ಮ ನೆಂಟರ ಯಾವ ಮದುವೆಯೂ ಅವರ ‘ಹೂಂ’ ಇಲ್ಲದೆ ಕುದುರಿದ್ದಿಲ್ಲ. ಅವರು ಬೇಡವೆಂದರೆ ನನ್ನ ಭೂವಿಜ್ಞಾನ ಅಲ್ಲಿಗೇ ಸಮಾಪ್ತಿ.

‘ಸಲಹೆಗೆ ಒಬ್ಬಳೇ ಬಾ ಅಂದಿದ್ದಾರೆ, ಅತ್ತೆ’ ಎಂದು ಫೋನಿನಲ್ಲಿ ಗೋಗರೆದೆ.

‘ಒಬ್ಳೇ ಹೋದ್ರೆ ಈ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂದ್ಕಂತಾರೆ’ ಎಂದವರೇ ಬೆಳಗಿನ ಬಸ್ಸಿಗೆ ರೇಷ್ಮೆ ಸೀರೆಯಲ್ಲಿ ಬಂದಿಳಿದರು.

ಸಲಹೆ ಕೊಡುವ ಮೇಡಂ ‘ನಿನಗೇನು ಇಷ್ಟ?’ ಎಂದು ಕೇಳಿದ್ದು ನನ್ನನ್ನು. ‘ಟೀಚರ್ ಆಗೋದು ರೀ, ಸಣ್ಣೋಳಿದ್ದಾಗಿಂದ್ಲೂ’ ಎಂದು ಉತ್ತರಿಸಿದ್ದು ಅತ್ತೆ. ಭೂವಿಜ್ಞಾನದ ಪ್ರಸ್ತಾಪ ಬಂದದ್ದೇ, ‘ಕಲ್ಲು ನೋಡಾಕೆ ಊರು ಬಿಡಬೇಕೇನ್ರೀ? ಜಗಳೂರಾಗೆ ಕಲ್ಲಿಗೇನು ಬರ ಐತಾ?’ ಎಂದರು. ಮೂರು ವರ್ಷ ವಿಜ್ಞಾನ ಓದಿದ ವಿದುಷಿ ನಾನು, ಗಂಡಿನ ಕಡೆಯವರ ಮುಂದೆ ಕೂತವಳಂತೆ ಉಗುರು ನೋಡಿಕೊಳ್ಳುತ್ತಿದ್ದೆ.

ಮೇಡಂ ಘಾಟಿ ಹೆಂಗಸು. ಅತ್ತೆಯನ್ನು ಹೊರಗೆ ಹೋಗಿ ಎನ್ನಲಿಲ್ಲ. ‘ಅಮ್ಮಾ, ಇಲ್ಲಿ ಒಬ್ಬೊಬ್ಬರ ಹತ್ರಾನೇ ಮಾತಾಡೋದು. ನಿಮಗೂ ಒಂದು ಸರದಿ ಇಡ್ತೀನಿ. ಇವಳದು ಮುಗೀಲಿ, ಆಮೇಲೆ ನೀವೊಬ್ರೇ ಬನ್ನಿ’ ಎಂದರು. ತಮಗೂ ಸರದಿಯಿದೆ ಎಂದ ಮೇಲೆ ಅತ್ತೆ ಗೌರವದಿಂದ ಸೆರಗು ಸರಿಪಡಿಸಿಕೊಂಡು ಹೊರಗಿನ ಬೆಂಚಿಗೆ ದಯಮಾಡಿಸಿದರು.

ಆಗ ನನಗೆ ಬಾಯಿ ಬಂತು. ನಮ್ಮೂರ ಪಕ್ಕದ ಬಿಳಿಚೋಡಿನ ಹಾದಿಯ ಬಂಡೆಗಳು, ಅವುಗಳ ಮೈಮೇಲಿನ ಬಣ್ಣದ ಪಟ್ಟೆಗಳು, ಅವು ಹೇಗಾದವೆಂದು ಕೇಳಿ ಕೇಳಿ ಮೇಷ್ಟರ ತಲೆ ತಿಂದದ್ದು, ಎಲ್ಲವನ್ನೂ ಉಸಿರು ಬಿಡದೆ ಒದರಿದೆ. ಮೇಡಂ ಹೊಗಳಲಿಲ್ಲ. ಬಿಸಿಲಲ್ಲಿ ಗುಡ್ಡ ಸುತ್ತಬೇಕಾದೀತು, ಕೆಲಸ ತಡವಾಗಿ ಸಿಕ್ಕೀತು ಎಂದು ಇದ್ದದ್ದು ಇದ್ದಹಾಗೆ ವಿವರಿಸಿ, ‘ಆದ್ರೂ ಬೇಕಾ?’ ಎಂದರು. ‘ಬೇಕು’ ಎಂದೆ. ಅಂದಮೇಲೆ ಹೆದರಿಕೆಯೂ ಹೋಯಿತು.

ಅತ್ತೆಯ ಸರದಿ ನನ್ನದಕ್ಕಿಂತ ದೀರ್ಘವಾಗಿತ್ತು. ಒಳಗೆ ನನ್ನ ಬಿ.ಎಡ್. ಖಾಯಂ ಆಗುತ್ತಿದೆಯೆಂದೇ ಬೆಂಚಿನ ಮೇಲೆ ಚಡಪಡಿಸಿದೆ. ಹೊರಬಂದವರು ನೇರ ಗೇಟು ದಾಟಿ ರಸ್ತೆಗೆ ಬಂದು ನಿಂತರು.

‘ನಿಮಗೇನಾಗಬೇಕು ಅಂತಿತ್ತು ಅಂತ ಕೇಳಿದ್ರು ಕಣೇ. ಕಂಡಕ್ಟರ್ ಅಂದೆ. ಬಿಳಿಚೋಡು ಬಸ್ಸಿನಾಗೆ ಬ್ಯಾಗು ಹಾಕ್ಕಂಡು ವಿಷಲ್ ಊದಬೇಕು ಅಂತ ಭಾಳ ಆಸೆ ಇತ್ತು.’

ನಗು ತುಟಿಗೆ ಬಂದಿತ್ತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ. ‘ಅಜ್ಜನ ಹತ್ರ ಹೇಳಬೇಕಿತ್ತು’ ಎಂದೆ.

‘ಯಾರು ಕೇಳಿದ್ರು?’

ನನಗೆ ಅಳು ಬಂತು. ಅತ್ತೆಗೆ ಅದೆಲ್ಲ ಆಗದು. ಛತ್ರಿಯ ತುದಿಯಿಂದ ನನ್ನನ್ನು ತಿವಿದು, ‘ಈಗ ನೀನು ಹೇಳು. ಏನು ಬೇಕು ನಿಂಗೆ?’ ಎಂದರು.

‘ಕಲ್ಲೇ ಬೇಕು ಅತ್ತೆ.’

ಅಲ್ಲಿಯೇ, ರಸ್ತೆಬದಿಯಲ್ಲಿ ನಿಂತು ಅಪ್ಪನಿಗೆ ಫೋನು ಹಚ್ಚಿದರು. ‘ತಮ್ಮಾ, ಬಿ.ಎಡ್. ಬ್ಯಾಡ. ಹುಡುಗಿ ಕಲ್ಲು ಓದ್ಲಿ.’ ಮೇಡಂ ಹಾಗೆ ಹೇಳಿದರೇ ಎಂದು ಆ ಕಡೆಯಿಂದ ಅಪ್ಪ ವಿಚಾರಿಸಿರಬೇಕು.

‘ಮೇಡಂ ಏನೂ ಹೇಳ್ಲಿಲ್ಲ ಕಣಪ್ಪ’ ಎಂದರು ಅತ್ತೆ. ‘ನಾನು ಕೇಳ್ದೆ, ಅವ್ಳು ಹೇಳಿದ್ಲು.’