ಅಲೆನ್ ಮನೆಯ ಗೋಡೆಬೊಟ್ಟುಗಳು

ಟೆಕ್ಸಸ್ಸಿನ ಅಲೆನ್ ಎಂಬ ಊರಿನ ಆ ಮನೆಗೆ ಮೆಟ್ಟಿಲುಗಳಿರಲಿಲ್ಲ. ನಾವು ಅದನ್ನು ಬಾಡಿಗೆಗೆ ಹಿಡಿದದ್ದೇ ಅದಕ್ಕಾಗಿ. ಅತ್ತೆಗೆ ಕಣ್ಣಿನ ಒತ್ತಡದ ಕಾಯಿಲೆ. ಮೈಸೂರಿನಿಂದ ನಮ್ಮ ಜೊತೆ ಇರಲು ಬರುವಷ್ಟರಲ್ಲಿ ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿನಲ್ಲಿ ಕಿಟಕಿ ಯಾವ ಕಡೆಗಿದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿದಿತ್ತು. ಇಲ್ಲಿಯ ಗೋಡೆಗಳೆಲ್ಲ ಕೈಗೆ ಒಂದೇ ತರಹ. ಸುಣ್ಣದ ಉಬ್ಬಿಲ್ಲ, ಮೊಳೆಯಿಲ್ಲ, ಕ್ಯಾಲೆಂಡರಿನ ಅಂಚೂ ಸಿಗುವುದಿಲ್ಲ. ಮೊದಮೊದಲು ಅತ್ತೆ ಸೋಫಾ ಬಿಟ್ಟು ಏಳುತ್ತಲೇ ಇರಲಿಲ್ಲ. ಬಾತ್‌ರೂಮಿಗೆ ಹೋಗಬೇಕಾದರೂ ನನ್ನ ಅಡುಗೆ ಮುಗಿಯುವವರೆಗೆ ತಡೆದುಕೊಂಡು ಕೂತಿರುತ್ತಿದ್ದರು. ನನಗೆ ತೊಂದರೆಯಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ ಎಂಬುದು ಅವರ ಒಣಗಿದ ತುಟಿ ನೋಡಿದ ಮೇಲೆ ಗೊತ್ತಾಯಿತು.

ಸ್ನಾನಕ್ಕೆ ಮೊದಲು ಹಣೆಯ ಬೊಟ್ಟನ್ನು ತೆಗೆದು ಕನ್ನಡಿಗೆ ಅಂಟಿಸುವುದು ನನ್ನ ಅಭ್ಯಾಸ. ಒಂದು ದಿನ ಅತ್ತೆಯ ಬೆರಳು ಅದಕ್ಕೆ ತಗುಲಿತು.

"ಹರಳಿನ ಬೊಟ್ಟಲ್ವೇನೇ ಇದು? ಹಾಗಾದ್ರೆ ಇಲ್ಲಿ ಕನ್ನಡಿ ಇದೆ ಅಂತಾಯ್ತು" ಎಂದರು.

ಅವತ್ತೇ ಮನೆಯಲ್ಲಿದ್ದ ಹರಳಿನ ಬೊಟ್ಟಿನ ಹಾಳೆಗಳನ್ನೆಲ್ಲ ತೆಗೆದೆ. ಬಾಗಿಲ ಚೌಕಟ್ಟಿಗೆ ಒಂದು, ಲೈಟಿನ ಸ್ವಿಚ್ಚಿನ ಪಕ್ಕ ಒಂದು, ಕಾರಿಡಾರು ತಿರುಗುವ ಮೂಲೆಗೆ ಒಂದರ ಕೆಳಗೊಂದು ಎರಡು. ದೇವರ ಗೂಡಿನ ಹತ್ತಿರ ಉದ್ದನೆಯದು, ಒಲೆಯಿರುವ ಕಡೆ ದೊಡ್ಡದು, ಇಲ್ಲಿಂದ ಮುಂದೆ ಬರಬೇಡಿ ಎಂದು. ಅತ್ತೆ ಗೋಡೆ ಸವರುತ್ತ ಇಡೀ ಮನೆ ಓದಿಕೊಂಡರು. ಬೇಸಿಗೆ ಬರುವ ಹೊತ್ತಿಗೆ ತಾವೇ ಎದ್ದು, ಮುಖ ತೊಳೆದು, ದೇವರಿಗೆ ಕೈ ಮುಗಿದು, ಅಡುಗೆಮನೆಗೆ ಬಂದು "ಕಾಫಿ ಆಯ್ತಾ?" ಎನ್ನುವಂತಾಗಿದ್ದರು.

"ನನ್ನ ಹಣೆಗೆ ಇಲ್ಲದ ಬೊಟ್ಟನ್ನೆಲ್ಲ ಗೋಡೆಗೆ ಇಟ್ಟಿದ್ದೀಯಲ್ಲೇ" ಎಂದು ನಗುತ್ತಿದ್ದರು.

ಮನೆಯ ಒಡೆಯರು ನಮ್ಮವರೇ, ಬೆಂಗಳೂರಿನ ದಂಪತಿ. ಎರಡು ರಸ್ತೆಯಾಚೆ ದೊಡ್ಡ ಮನೆಯಲ್ಲಿದ್ದರು. ನಮಗೆ ಅವರು ಅಂಕಲ್, ಆಂಟಿ. ಆಂಟಿಗೆ ಅತ್ತೆಯೆಂದರೆ ಬಹಳ ವಿಶ್ವಾಸ. ಶುಕ್ರವಾರಗಳಂದು ಬಂದು ಪಕ್ಕದಲ್ಲಿ ಕೂತು ದೇವರನಾಮ ಹೇಳಿಸಿಕೊಳ್ಳುತ್ತಿದ್ದರು. ಗೋಡೆಯ ಬೊಟ್ಟು ಅವರಿಗೂ ಗೊತ್ತಿತ್ತು. ಬೆಂಗಳೂರಿಗೆ ಹೋಗಿ ಬರುವಾಗ ಚಿಕ್ಕಪೇಟೆಯಿಂದ ಕೈತುಂಬ ಬೊಟ್ಟಿನ ಪ್ಯಾಕೆಟ್ ತಂದು, "ತಗೋಮ್ಮ, ನಿಮ್ಮತ್ತೆಯ ರೋಡ್ ಸೈನು" ಎಂದು ಕೊಟ್ಟಿದ್ದರು.

ಮೊದಲ ವರ್ಷ ಕರಾರಿಗೆ ಸಹಿಯಾಗಿತ್ತು. ಅದು ಮುಗಿದಾಗ ನಮ್ಮವರು, ಅಂದರೆ ನನ್ನ ಯಜಮಾನರು, ಹೊಸ ಲೀಸಿನ ಮಾತೆತ್ತಿದರು. ಅಂಕಲ್ ನಕ್ಕುಬಿಟ್ಟರು. ಆಂಟಿ, "ನಮ್ಮ ನಮ್ಮಲ್ಲಿ ಪೇಪರ್ ಎಂಥದ್ದು?" ಎಂದು ನನಗೆ ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ಎಲೆ ಅಡಿಕೆ, ತೆಂಗಿನಕಾಯಿ ಹಾಕಿದರು. ನಾನು ಕಾಲಿಗೆ ನಮಸ್ಕಾರ ಮಾಡಿದೆ. ಅದರ ಮುಂದಿನ ವರ್ಷವೂ ಹಾಗೆಯೇ. ನಮ್ಮ ಮನೆತನದಲ್ಲಿ ತಾಂಬೂಲ ಬದಲಾಯಿಸಿದ ಮೇಲೆ ಮದುವೆಯ ಮಾತನ್ನೇ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಮನೆ ಬಾಡಿಗೆಯ ಮಾತು ಯಾವ ಲೆಕ್ಕ ಎಂದುಕೊಂಡಿದ್ದೆವು.

ಮೂರನೆಯ ವರ್ಷ, ಚಳಿ ಬಿಡುವ ಸಮಯದಲ್ಲಿ, ಅಂಕಲ್ ಒಬ್ಬರೇ ಬಂದರು. ಚಪ್ಪಲಿ ಬಿಡಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಕೈಗೊಂದು ಲಕೋಟೆ ಕೊಟ್ಟು, ನಾನು ಅದನ್ನು ಹಿಡಿದುಕೊಂಡಿರುವ ಹಾಗೆ ಫೋನಿನಲ್ಲಿ ಫೋಟೋ ತೆಗೆದರು. ನಾನು ಎರಡೂ ಕೈಯಿಂದ ತೆಗೆದುಕೊಂಡು "ಥ್ಯಾಂಕ್ಯೂ ಅಂಕಲ್" ಎಂದೆ. ಯಾರು ಏನು ಕೊಟ್ಟರೂ ಹಾಗೆ ಹೇಳಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಒಳಗಿದ್ದದ್ದು ಒಂದು ತಿಂಗಳಲ್ಲಿ ಮನೆ ಬಿಡಿ ಎಂಬ ನೋಟಿಸು.

ಆಂಟಿಗೆ ಫೋನ್ ಮಾಡಿದೆ.

"ಅಯ್ಯೋ, ಅದಾ? ಅದು ಲಾಯರ್ ಹೇಳಿದ ಫಾರ್ಮಾಲಿಟಿ ಕಣಮ್ಮ. ಆಸ್ಟಿನ್‌ನಿಂದ ಮಗ ಸೊಸೆ ಶಿಫ್ಟ್ ಆಗ್ತಾರೆ, ಅವರಿಗೆ ಬೇಕಾಗಿತ್ತು. ನೀನು ಟೆನ್ಶನ್ ಮಾಡ್ಕೋಬೇಡ."

"ಬೇಸಿಗೆವರೆಗೆ ಟೈಮ್ ಕೊಡಿ ಆಂಟಿ. ಮೆಟ್ಟಿಲಿಲ್ಲದ ಮನೆ ಹುಡುಕಬೇಕು. ಅತ್ತೆಗೆ ಇನ್ನೊಂದು ಮನೆ ಮೊದಲಿಂದ ಕಲಿಸಬೇಕು."

"ನೋಡೋಣ ಬಿಡು" ಎಂದರು.

ಆ ವಾರವೇ ಶುಕ್ರವಾರ ನನ್ನನ್ನು ಕರೆದು ಎಂದಿನಂತೆ ಕುಂಕುಮ ಕೊಟ್ಟು ಕಾಯಿ ಕೊಟ್ಟರು. ಅದಕ್ಕಿಂತ ಹೆಚ್ಚಿನ ಒಪ್ಪಿಗೆ ಇನ್ನೇನು ಬೇಕು? ನಾನು ಖುಷಿಯಾಗಿ ಮನೆಗೆ ಬಂದು ಆ ಕಾಯಿ ಒಡೆದು ಒಬ್ಬಟ್ಟು ಮಾಡಿದೆ. ನಮ್ಮವರು ಒಂದು ಸಲ "ಮೆಸೇಜಿನಲ್ಲಾದರೂ ಒಂದು ಸಾಲು ಬರೆಸಿಕೋಬೇಕಿತ್ತು" ಎಂದರು. ಅತ್ತೆ ಅವರನ್ನೇ ಗದರಿದರು: "ಕುಂಕುಮ ಕೊಟ್ಟೋರ ಹತ್ರ ಮೆಸೇಜ್ ಕೇಳ್ತಾರೇನೋ?"

ಆ ದಿನಗಳಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿರುವ ನನ್ನ ತಂಗಿಯೂ ಮನೆ ಖಾಲಿ ಮಾಡಿ ಬೇರೆ ಕಡೆ ಹೋಗಿದ್ದಳು. ಮನೆಯೊಡತಿಯ ಮಗಳಿಗೆ ಮನೆ ಬೇಕೆಂದು ಅವಳನ್ನೂ ಬಿಡಿಸಿದ್ದರು. ಫೋನಿನಲ್ಲಿ ಇಬ್ಬರದೂ ಇದೇ ಮಾತು.

"ಇಲ್ಲಿ ಹಾಗೆಲ್ಲ ಸುಮ್ಮನೆ ಬಿಡಿಸೋಕಾಗಲ್ಲ ಅಕ್ಕ. ನಮಗೋ ನಮ್ಮ ಮಕ್ಕಳಿಗೋ ಮನೆ ಬೇಕಾಗಬಹುದು ಅಂತ ಮನೆಯೋರು ಮೊದಲೇ ಕರಾರಿನಲ್ಲಿ ಬರೆದಿರಬೇಕು. ಒಂದು ವರ್ಷ ಕಳೆದಿರಬೇಕು. ಎರಡು ತಿಂಗಳು ಮುಂಚೆ ಕಾರಣ ತಿಳಿಸಬೇಕು. ನಾವು ಹೋದಮೇಲೆ ಮೂರು ತಿಂಗಳೊಳಗೆ ಅವರು ಬಂದು ಇರಲಿಲ್ಲ ಅಂದ್ರೆ, ನಾವು ವಾಪಸ್ ಹೋಗಿ ಕೂತ್ಕೋಬಹುದು, ಇಲ್ಲಾ ಪರಿಹಾರ ಕೇಳಬಹುದು. ನಾನು ದಿನಾ ಆ ರಸ್ತೆಯಲ್ಲೇ ವಾಕ್ ಹೋಗ್ತೀನಿ, ಬಾಲ್ಕನಿಯಲ್ಲಿ ಮಗಳ ಬಟ್ಟೆ ಒಣಗ್ತಾ ಇದೆಯಾ ಅಂತ ನೋಡೋಕೆ."

"ಒಣಗ್ತಾ ಇದೆಯಾ?"

"ಇದೆ. ಹಾಳಾದವಳು ದಿನಾ ಒಗೀತಾಳೆ."

ಇಬ್ಬರೂ ನಕ್ಕೆವು. ಆಗಿನ್ನೂ ನನಗೆ ನಗಲಿಕ್ಕೆ ಬರುತ್ತಿತ್ತು.

ನೋಟಿಸಿನ ತಿಂಗಳು ಮುಗಿಯಿತು. ಯಾರೂ ಏನೂ ಕೇಳಲಿಲ್ಲ. ಬಾಡಿಗೆಯನ್ನು ಮಾತ್ರ ಅಂಕಲ್ ಹಿಂದಕ್ಕೆ ಕಳಿಸಿಬಿಟ್ಟರು. ಆಮೇಲೆ ಇನ್ನೊಂದು ಲಕೋಟೆ ಬಂತು, ಮೂರು ದಿನದಲ್ಲಿ ಬಿಡಿ ಎಂದು. ಆಂಟಿ ಫೋನ್ ಎತ್ತಲಿಲ್ಲ. ಅದಾದ ಮೇಲೆ ಸೊಂಟಕ್ಕೆ ಪಿಸ್ತೂಲು ಕಟ್ಟಿದ, ತುಂಬ ಮರ್ಯಾದೆಯ ಮನುಷ್ಯನೊಬ್ಬ ಬಂದು, "ಗುಡ್ ಮಾರ್ನಿಂಗ್ ಮ್ಯಾಮ್" ಎಂದು ಕೋರ್ಟಿನ ಕಾಗದ ಕೊಟ್ಟು ಹೋದ. ಅತ್ತೆ ಒಳಗಿನಿಂದ "ಯಾರೇ ಬಂದಿದ್ದು?" ಎಂದರು. "ಪೋಸ್ಟಿನವನು" ಎಂದೆ.

ಕೋರ್ಟು ಎಂದರೆ ಕಟಕಟೆ, ಕರಿ ಕೋಟುಗಳ ಗುಂಪು ಎಂದುಕೊಂಡಿದ್ದೆ. ಅದೊಂದು ಶಾಲೆಯ ಕೋಣೆಯಂತಿತ್ತು. ಬೂದು ಕಾರ್ಪೆಟ್ಟು, ಕುರ್ಚಿಗಳ ಸಾಲು, ಮೂಲೆಯಲ್ಲಿ ಒಂದು ಬಾವುಟ. ಇಂಥವೇ ಕೇಸುಗಳು ಒಂದರ ಹಿಂದೊಂದು ಬೇಗಬೇಗ ಮುಗಿಯುತ್ತಿದ್ದವು. ಆಂಟಿ ತಿಳಿ ಹಸಿರಿನ ಚೂಡಿದಾರ್ ಹಾಕಿಕೊಂಡು ಎದುರು ಸಾಲಿನಲ್ಲಿದ್ದರು. ನನ್ನನ್ನು ನೋಡಿ, ಅಭ್ಯಾಸದಿಂದ ಇರಬೇಕು, ಮುಗುಳ್ನಕ್ಕರು. ನಾನೂ ನಕ್ಕೆ.

ಜಡ್ಜ್ ನರೆಗೂದಲಿನ ಹೆಂಗಸು, ದನಿ ಮೃದು. ಈ ವರ್ಷಕ್ಕೆ ಬರೆದ ಕರಾರು ಇದೆಯೇ ಎಂದು ಕೇಳಿದರು. ಇಲ್ಲ ಎಂದರು ನಮ್ಮವರು. ಹಾಗಾದರೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದಾಯಿತು, ಒಂದು ತಿಂಗಳ ನೋಟಿಸು ಕೊಟ್ಟರೆ ಸಾಕು, ಅದು ನಿಮ್ಮ ಕೈಗೆ ಬಂತೇ ಎಂದರು. ಅಂಕಲ್ ಫೋಟೋ ತೋರಿಸಿದರು. ಅದರಲ್ಲಿ ನಾನು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಸಿಕ್ಕವಳ ಹಾಗೆ ನಿಂತಿದ್ದೆ.

ಮಗನಿಗೆ ಮನೆ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಟೆಕ್ಸಸ್ಸಿನಲ್ಲಿ ಕಾರಣ ಹೇಳಬೇಕಾಗಿಯೇ ಇಲ್ಲವಂತೆ. ನಾನು ಎದ್ದು ನಿಂತೆ. ನೋಟಿಸು ಕೊಟ್ಟ ಮೇಲೂ ನಮಗೆ ಸಮಯ ಕೊಡಲು ಒಪ್ಪಿದ್ದರು ಎಂದೆ.

"ಏನೆಂದು ಹೇಳಿದರು?" ಎಂದರು ಜಡ್ಜ್.

ಬಾಯಿಮಾತಿನಲ್ಲಿ ಅವರು ಹೇಳಿದ್ದು "ನೋಡೋಣ ಬಿಡು" ಅಷ್ಟೇ. ಅದರಲ್ಲಿರುವ ಭರವಸೆಯನ್ನು ಇಂಗ್ಲಿಷಿಗೆ ಹೇಗೆ ತರುವುದು? ನಾನು ತಾಂಬೂಲದ ವಿಷಯ ಹೇಳಿದೆ. ಅರಿಶಿನ, ಕುಂಕುಮ, ವೀಳ್ಯದೆಲೆ, ತೆಂಗಿನಕಾಯಿ ಒಂದೊಂದನ್ನೂ ವಿವರಿಸಿದೆ. ನಮ್ಮಲ್ಲಿ ಅದನ್ನು ಕೊಟ್ಟರೆ ಮಾತು ಕೊಟ್ಟ ಹಾಗೆ, ಪ್ರತಿ ವರ್ಷ ಹಾಗೆಯೇ ನಡೆದಿದೆ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಜಡ್ಜ್ ನಗಲಿಲ್ಲ. ಆಂಟಿಯ ಕಡೆ ತಿರುಗಿ, "ಈ ತೆಂಗಿನಕಾಯಿ ಬಾಡಿಗೆ ಮುಂದುವರಿಸುವ ಒಪ್ಪಂದವಾಗಿತ್ತೇ?" ಎಂದು ಬಹಳ ಗಂಭೀರವಾಗಿ ಕೇಳಿದರು.

ಆಂಟಿ ಕೈಚೀಲದ ಜಿಪ್ಪನ್ನು ಸ್ವಲ್ಪ ಎಳೆದು ಮತ್ತೆ ಮುಚ್ಚಿದರು.

"ಇಲ್ಲ ಮ್ಯಾಮ್. ನಾನು ಅದನ್ನು ಎಲ್ಲರಿಗೂ ಕೊಡ್ತೀನಿ. ಇಟ್ ಇಸ್ ಜಸ್ಟ್ ಟ್ರೆಡಿಶನ್."

ಅಲ್ಲಿಗೆ ಮುಗಿಯಿತು. ಮೇಲ್ಮನವಿಗೆ ಐದು ದಿನ ಇದೆ, ಆಮೇಲೂ ಬಿಡದಿದ್ದರೆ ಕಾನ್‌ಸ್ಟೆಬಲ್ ಬಂದು ಬಾಗಿಲಿಗೆ ಎಚ್ಚರಿಕೆ ಅಂಟಿಸಿ, ಮರುದಿನವೋ ಆಮೇಲೋ ಸಾಮಾನು ಹೊರಗಿಡಿಸುತ್ತಾರೆ ಎಂದು ಜಡ್ಜ್ ನಿಧಾನವಾಗಿ ಹೇಳಿ, "ಗುಡ್ ಲಕ್" ಎಂದರು. ನಾನು ಥ್ಯಾಂಕ್ಯೂ ಎಂದೆ. ಹೊರಗೆ ಪಾರ್ಕಿಂಗಿನಲ್ಲಿ ಆಂಟಿ ಹತ್ತಿರ ಬಂದರು.

"ಮನಸ್ಸಿಗೆ ಹಚ್ಕೋಬೇಡಮ್ಮ, ಇದು ಬರೀ ಲೀಗಲ್ಲು. ನಮ್ಮ ಸಂಬಂಧ ಬೇರೆ."

ನಮ್ಮವರು ಕಾರಿನ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದರು. ಆ ದಿನ ನಮ್ಮ ಕಡೆಯಿಂದ ಆದ ಜಗಳ ಅಷ್ಟೇ.

ಕಾನ್‌ಸ್ಟೆಬಲ್ ಬರುವವರೆಗೆ ಕಾಯಲಿಲ್ಲ. ಆದರೆ ನಮ್ಮ ಹೆಸರಿನ ಮೇಲೆ ಕೋರ್ಟಿನ ಕೇಸು ಕೂತಿತ್ತು. ಬಾಡಿಗೆಗೆ ಕೇಳಿದ ಕಡೆಯೆಲ್ಲ ಕಂಪ್ಯೂಟರು ಅದನ್ನೇ ತೋರಿಸುತ್ತಿತ್ತು. ನೆಲಮಟ್ಟದ ಮನೆಯವರೆಲ್ಲ ಬಹಳ ನಯವಾಗಿ ಇಲ್ಲವೆಂದರು. ಕೊನೆಗೆ ಒಪ್ಪಿದ್ದು ಲಿಟಲ್ ಎಲ್ಮ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟು, ಎರಡನೆಯ ಮಹಡಿ, ಹೊರಗಡೆಯ ಕಬ್ಬಿಣದ ಮೆಟ್ಟಿಲು. ಮೆಟ್ಟಿಲುಗಳ ನಡುವೆ ಸಂದು. ಅತ್ತೆ ಕಾಲಿಟ್ಟಾಗ ಕೆಳಗಿನಿಂದ ಗಾಳಿ ಬರುತ್ತಿತ್ತು. ಅವರಿಗೆ ಅದು ಬಾವಿಯ ಬಾಯಿಯಂತೆ ಅನ್ನಿಸುತ್ತಿತ್ತಂತೆ.

ಅಲೆನ್ ಮನೆ ಬಿಡುವ ಮುನ್ನ ಗೋಡೆಯ ಬೊಟ್ಟುಗಳನ್ನು ಉಗುರಿನಿಂದ ಎಬ್ಬಿಸಿದೆ. ಎಲ್ಲ ಕಡೆ ಅಂಟಿನ ಕಪ್ಪು ಚುಕ್ಕೆ ಉಳಿಯಿತು. ಆಂಟಿ ಬಂದು ಒಂದೊಂದು ಚುಕ್ಕೆಯ ಫೋಟೋ ತೆಗೆದುಕೊಂಡರು, ಡೆಪಾಸಿಟ್ಟಿನಲ್ಲಿ ಮುರಿದುಕೊಳ್ಳಲು ಇರಬೇಕು. ಅತ್ತೆ ಕಾರಿನಲ್ಲಿ ಕೂತಿದ್ದರು. ಆಂಟಿ ಅವರ ಹತ್ತಿರ ಹೋಗಿ ಮಾತಾಡಿಸಲಿಲ್ಲ.

ಹೊಸ ಮನೆಯಲ್ಲಿ ನಾನು ಮತ್ತೆ ಬೊಟ್ಟು ಅಂಟಿಸಿದೆ. ಅತ್ತೆಯ ಕೈ ಅವನ್ನು ನಂಬಲಿಲ್ಲ. ಬಾತ್‌ರೂಮಿಗೆಂದು ಹೊರಟು ಬಟ್ಟೆಯ ಬೀರುವಿನ ಮುಂದೆ ನಿಲ್ಲುತ್ತಿದ್ದರು. ಅಲೆನ್ ಮನೆಯಲ್ಲಿ ಸ್ವಿಚ್ಚಿದ್ದ ಎತ್ತರದಲ್ಲೇ ಗೋಡೆ ತಡಕುತ್ತಿದ್ದರು. ಒಮ್ಮೆ ಹಣೆ ಬಡಿದುಕೊಂಡು ಊತ ಬಂದ ಮೇಲೆ ಏಳುವುದನ್ನೇ ಬಿಟ್ಟರು. ಮತ್ತೆ ಸೋಫಾ, ಮತ್ತೆ ಕುಡಿಯದೆ ಉಳಿದ ನೀರಿನ ಲೋಟ.

ಆಂಟಿಯ ಮಗ ಬರಲಿಲ್ಲ. ಆಸ್ಟಿನ್ ಪಕ್ಕದ ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅಲ್ಲಿಯೇ ಮನೆ ತೆಗೆದುಕೊಂಡನೆಂದು ಕೇಳಿದೆ. ಅಲೆನ್‌ನ ಮನೆ ಬೀಗ ಹಾಕಿಕೊಂಡು ನಿಂತಿತ್ತು.

"ಬಂದ್ರಾ?" ಎಂದು ತಂಗಿ ಪ್ರತಿ ಫೋನಿನಲ್ಲೂ ಕೇಳುತ್ತಿದ್ದಳು.

"ಇಲ್ಲ."

"ಇಲ್ಲಿಯಾಗಿದ್ರೆ ಇಷ್ಟು ಹೊತ್ತಿಗೆ ನೀವು ವಾಪಸ್ ಹೋಗಬಹುದಿತ್ತು."

"ಇದು ಸ್ಪೇನ್ ಅಲ್ಲವಲ್ಲ" ಎಂದು ನಾನು ಮಾತು ಬದಲಿಸುತ್ತಿದ್ದೆ.

ನವರಾತ್ರಿಗೆ ಆಂಟಿಯ ಫೋನ್ ಬಂತು. ಗೊಂಬೆ ಕೂರಿಸಿದ್ದೇನೆ, ಅತ್ತೆಯನ್ನೂ ಕರೆದುಕೊಂಡು ಕುಂಕುಮಕ್ಕೆ ಬಾ, ಅಲೆನ್ ಮನೆ ಹೇಗೂ ಖಾಲಿ ಇದೆಯಲ್ಲ, ಜಾಗ ವಿಶಾಲ, ಅಲ್ಲೇ ಇಟ್ಟಿದ್ದೇನೆ ಎಂದರು. ನಾನು ಹೋಗುವುದಿಲ್ಲವೆಂದು ತೀರ್ಮಾನಿಸಿದ್ದೆ. ಅತ್ತೆ ಒಪ್ಪಲಿಲ್ಲ.

"ಕುಂಕುಮಕ್ಕೆ ಕರೆದಮೇಲೆ ಹೋಗದೆ ಇರಬಾರದು. ಅವಳಿಗೆ ಅದು ಟ್ರೆಡಿಶನ್ನು, ನಮಗಲ್ಲ."

ಕೋರ್ಟಿನ ಆ ಮಾತನ್ನು ನಮ್ಮವರು ಅವರಿಗೆ ಹೇಳಿದ್ದರೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮೆಟ್ಟಿಲಿಳಿಸಿ ಕರೆದುಕೊಂಡು ಹೋದೆ. ಹಾಲ್‌ನ ತುಂಬ ರೇಷ್ಮೆ ಸೀರೆ, ಮಕ್ಕಳ ಇಂಗ್ಲಿಷು, ಹುಸಲಿಯ ಒಗ್ಗರಣೆಯ ವಾಸನೆ. ಹೊಸಿಲು ದಾಟಿದ್ದೇ ಅತ್ತೆ ನನ್ನ ಕೈ ಬಿಡಿಸಿಕೊಂಡರು. ಬಲಗೈಯನ್ನು ಗೋಡೆಗೆ ಇಟ್ಟು ನಡೆದೇಬಿಟ್ಟರು. ಜನ ದಾರಿ ಬಿಟ್ಟರು. ಕಾರಿಡಾರಿನ ಮೂಲೆ ತಿರುಗಿ, ನಮ್ಮ ದೇವರ ಗೂಡಿದ್ದ ಖಾಲಿ ಜಾಗದ ಮುಂದೆ ನಿಂತು ಕೈ ಮುಗಿದು, ಅಡುಗೆಮನೆಯ ಬಾಗಿಲಿಗೆ ಬಂದು ಚೌಕಟ್ಟು ಸವರಿದರು. ಅದಕ್ಕೆಲ್ಲ ಹೊಸ ಬಣ್ಣ ಹೊಡೆಸಿದ್ದರು. ಬಣ್ಣದಡಿಯಲ್ಲಿ ಉಬ್ಬಿಕೊಂಡಿದ್ದ ಒಂದು ಬೊಟ್ಟಿನ ಮೇಲೆ ಅವರ ಬೆರಳು ನಿಂತಿತು.

"ಇಲ್ಲೊಂದು ಬಿಟ್ಟಿದ್ದೀಯಲ್ಲೇ" ಎಂದರು.

ಆಂಟಿ ಬೆಳ್ಳಿ ತಟ್ಟೆ ಹಿಡಿದುಕೊಂಡು ಬಂದರು. ಎಲ್ಲರೂ ನೋಡುತ್ತಿದ್ದರು. "ಬನ್ನಿ ಬನ್ನಿ, ಕೂತ್ಕೊಳ್ಳಿ. ಇದು ನಿಮ್ಮನೆ ಅಂತಲೇ ಅಂದ್ಕೊಳ್ಳಿ" ಎಂದರು.

"ಹಾಗೇ ಅಂದ್ಕೊಂಡಿದ್ವಮ್ಮ" ಎಂದರು ಅತ್ತೆ.

ಆಂಟಿ ನನಗೆ ಕುಂಕುಮ ಕೊಟ್ಟರು. ಎಲೆ ಅಡಿಕೆ, ತೆಂಗಿನಕಾಯಿ, ಅದರ ಜೊತೆಗೆ ಒಂದು ಪ್ಯಾಕೆಟ್ ಹರಳಿನ ಬೊಟ್ಟು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಥ್ಯಾಂಕ್ಯೂ ಮಾತ್ರ ಹೇಳಲಿಲ್ಲ.

ಹೊರಡುವಾಗ ಅತ್ತೆ ನೀರು ಕೇಳಿದರು. ಅಡುಗೆಮನೆಯಲ್ಲೇ ನಿಂತು ಎರಡು ಲೋಟ ಕುಡಿದರು. ಆಮೇಲೆ ಗೋಡೆ ಹಿಡಿದು ಬಾತ್‌ರೂಮಿಗೆ ತಾವೇ ಹೋಗಿ, ಚಿಲಕ ಹಾಕಿಕೊಂಡು, ನಿಧಾನವಾಗಿ ಮುಗಿಸಿ ಬಂದರು. ಅಷ್ಟೂ ಹೊತ್ತು ನಾನು ಅವರ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.